ಕಕ್ಷಿದಾರರ ಬೆಂಚು

ಮೊಮ್ಮಕ್ಕಳೇ, ನಿಮ್ಮ ದೊಡ್ಡಕ್ಕ ವಕೀಲರ ಆಫೀಸಿಗೆ ಸೇರಿದ್ದು ನಿಮಗೆಲ್ಲ ಗೊತ್ತು. ಹೇಗೆ ಸೇರಿದೆ ಎಂದು ಕೇಳಿದರೆ ಅವಳು ಹೇಳುವುದಿಲ್ಲ. ನನ್ನನ್ನು ಕೇಳಿದ್ದರೂ ನಾಲ್ಕು ಜನರೆದುರು ನಾನು ಬಾಯಿಬಿಡುತ್ತಿದ್ದೆನೋ ಇಲ್ಲವೋ. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಕಾನೂನು ಓದಿ ಮುಗಿಸಿ, ಬೆಂಗಳೂರಿಗೆ ಹೋಗಿ ವಕೀಲಿ ಸನ್ನದು ಪಡೆದು ಬಂದವಳು ಕರಿ ಕೋಟಿಗೆ ಇಸ್ತ್ರಿ ಹಾಕಿ ಬೀರುವಿನಲ್ಲಿ ನೇತುಹಾಕಿದಳು. ಅದು ಅಲ್ಲೇ ಇತ್ತು. ಬರೀ ಸನ್ನದು ಸಿಕ್ಕಿದರೆ ಸಾಲದಂತೆ. ದೊಡ್ಡ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿ ಕೆಲಸ ಕಲಿಯಬೇಕು. ಅದಕ್ಕೆ ಪೇಪರಿನಲ್ಲಿ ಜಾಹೀರಾತು ಬರುವುದಿಲ್ಲ, ನಾವೇ ಹೋಗಿ ಸೇರಿಸಿಕೊಳ್ಳಿ ಎಂದು ಕೇಳಬೇಕು. ನಮ್ಮ ಕಡೆಯಾಗಲಿ ಅವಳ ತಾಯಿಯ ಕಡೆಯಾಗಲಿ ಹುಡುಕಿದರೂ ಒಬ್ಬ ವಕೀಲನಿಲ್ಲ. ಕೊನೆಗೆ ಕಾಲೇಜಿನ ಮೇಷ್ಟರೊಬ್ಬರು ಮಂಡ್ಯದ ಹಿರಿಯ ವಕೀಲರೊಬ್ಬರ ಮನೆ ಗುರುತು ಹೇಳಿ, ಭಾನುವಾರ ಬೆಳಿಗ್ಗೆ ಹೋಗಿ ನೋಡು ಎಂದರು. ಅವರ ಹತ್ತಿರವೇ ಕಲಿಯಬೇಕೆಂದು ಇವಳು ಹಟ ಹಿಡಿದಳು.

ಅವಳ ಅಪ್ಪನಿಗೆ ಸೋಮನಹಳ್ಳಿಯ ಕಾರ್ಖಾನೆಯಲ್ಲಿ ಆ ಭಾನುವಾರವೂ ಪಾಳಿ ಇತ್ತು. ಜೊತೆಗೆ ಹೋಗಲು ಉಳಿದವಳು ನಾನೇ. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಇಲ್ಲ. ಬೆಳಕವಾಡಿ ಹತ್ತಿರದ ನಮ್ಮ ಹೊಲದಿಂದ ಹಿಂದಿನ ದಿನವೇ ಸೊಗಡಿನ ಅವರೆಕಾಯಿ ಬಂದಿತ್ತು. ಒಂದು ಚೀಲ ತುಂಬಿಸಿ, ಮೇಲೆ ಅಚ್ಚು ಬೆಲ್ಲ ಇಟ್ಟು, ಮದ್ದೂರಿನಲ್ಲಿ ಬಸ್ಸು ಹತ್ತಿದೆವು.

"ಅವರೆಕಾಯಿ ಯಾಕಜ್ಜಿ?" ಎಂದಳು ಬಸ್ಸಿನಲ್ಲಿ.

"ಇರ್ಲಿ ಬುಡು. ಏನ್ ಭಾರವಾ?" ಎಂದೆ.

ಆ ವಕೀಲರ ಆಫೀಸು ಅವರ ಮನೆಯ ಮುಂದಿನ ಕೋಣೆಯಲ್ಲಿತ್ತು. ಹೊರಗಿನ ವರಾಂಡದಲ್ಲಿ ಉದ್ದದ ಬೆಂಚು, ಬೆಂಚಿನ ತುಂಬ ಜನ. ಗುಮಾಸ್ತರು ನಮ್ಮನ್ನು ನೋಡಿದರು, ಚೀಲವನ್ನು ನೋಡಿದರು. ಹಳ್ಳಿಯಿಂದ ಬರುವ ಕಕ್ಷಿದಾರರೆಲ್ಲ ವಕೀಲರಿಗೆ ಹೀಗೆಯೇ ಏನಾದರೂ ಹೊತ್ತುಕೊಂಡು ಬರುತ್ತಾರಲ್ಲ.

"ಯಾವೂರಮ್ಮ? ಆಸ್ತಿ ಪಾಲಿನ ಕೇಸಾ, ಬದುವಿನ ಕೇಸಾ? ಚೀಲ ಒಳಗೆ ಕೊಟ್ಬುಟ್ಟು ಅಲ್ಲಿ ಕೂತ್ಕೊಳಿ. ಸರದಿ ಬಂದಾಗ ಕರೀತೀನಿ."

"ಅಲ್ಲ ಸಾರ್, ನಾನು..." ಎಂದು ಇವಳು ಶುರು ಮಾಡುವಷ್ಟರಲ್ಲಿ ಅವರು ಬೇರೆ ಯಾರನ್ನೋ ಗದರಿಸಲು ಹೋಗಿದ್ದರು. ಮತ್ತೆ ಈ ಕಡೆ ಬಂದಾಗ ಇವಳು ಎದ್ದು ನಿಂತಳು, ಅವರು ಕೈಯಲ್ಲೇ ಕೂತ್ಕೊ ಎಂದು ಸನ್ನೆ ಮಾಡಿದರು, ಕೂತಳು. ನಾನು ಸೆರಗು ಹೊದ್ದುಕೊಂಡು ನೆಲ ನೋಡುತ್ತಿದ್ದೆ. ನಮ್ಮಿಬ್ಬರದೂ ಒಂದೇ ಸ್ವಭಾವ.

ಪಕ್ಕದಲ್ಲಿ ಮಳವಳ್ಳಿ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈ ವಯಸ್ನಲ್ಲಿ ನಿಂಗ್ಯಾಕ್ ಕಣಮ್ಮ ಕೋರ್ಟು? ಮಗ ಅನ್ನ ಆಕಲ್ವಾ?"

"ಆಕ್ತಾನೆ" ಎಂದೆ.

"ಮತ್ತೆ? ಸೊಸೆ ಕಾಟವಾ?"

ನಾನು ಇವಳ ಕಡೆ ತೋರಿಸಿದೆ.

"ಓ, ಇವಳ್ದಾ! ಗಂಡ ಬುಟ್ಬುಟ್ನಾ?"

ಇವಳ ಮುಖ ಕೆಂಪಾಯಿತು. "ನಂಗಿನ್ನೂ ಮದ್ವೆನೇ ಆಗಿಲ್ಲ ಕಣವ್ವ."

"ಅಯ್ ಸಿವನೆ, ಮದ್ವೆ ಆಗ್ದೆನೇ ಕೋರ್ಟಾ!" ಎಂದು ಆಕೆ ಬೆಂಚಿಗೆಲ್ಲ ಕೇಳಿಸುವಂತೆ ಹೇಳಿದಳು. ಜನ ನಕ್ಕರು. ನನಗೂ ನಗು ಬಂತು, ಆದರೆ ಇವಳ ಕಣ್ಣಲ್ಲಿ ನೀರಿತ್ತು.

ಆಗ ನಿಮ್ಮ ತಾತ ಇರಬೇಕಾಗಿತ್ತು ಎನಿಸಿತು. ಅವರಿದ್ದಿದ್ದರೆ ಹೊಸ್ತಿಲು ದಾಟುವ ಮೊದಲೇ ಗುಮಾಸ್ತರ ಹೆಗಲ ಮೇಲೆ ಕೈ ಹಾಕಿ, ನಮ್ಮ ಮೊಮ್ಮಗಳು ಲಾಯರ್ರು ಎಂದು ಬೀದಿಗೆಲ್ಲ ಸಾರುತ್ತಿದ್ದರು. ಹೊಲದ ಬದುವಿನ ತಕರಾರಿಗಾಗಿ ಅವರು ವರ್ಷಾನುಗಟ್ಟಲೆ ಮಳವಳ್ಳಿ ಕೋರ್ಟಿಗೆ ತಿರುಗಿದವರು. ಸಂಜೆ ಬಸ್ಸಿಳಿದು ಬಂದು, ಕಾಲು ತೊಳೆದು ಜಗಲಿಯ ಮೇಲೆ ಕೂತರೆಂದರೆ ಕೋರ್ಟೇ ಮನೆಗೆ ಬಂದ ಹಾಗೆ. ಎದುರು ಪಾರ್ಟಿಯ ವಕೀಲರಂತೆ ಕೆಮ್ಮುವರು, ಜಡ್ಜಿನಂತೆ ಹುಬ್ಬು ಏರಿಸುವರು. ನಾನು ಒಳಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದೆ, ಒಲೆಯ ಮೇಲಿನ ಸಾರು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ, "ನನ್ನೂ ಒಂದ್ಸಲ ಕರ್ಕೊಂಡೋಗಿ" ಎಂದೆ. "ಎಂಗುಸ್ರು ಕೋರ್ಟು ಮೆಟ್ಲು ಅತ್ತುದ್ರೆ ಊರು ಆಡ್ಕೊತದೆ ಕಣಮ್ಮಿ" ಎಂದು ನಕ್ಕುಬಿಟ್ಟರು. ಕೇಸು ಮುಗಿಯಿತು, ಆಮೇಲೆ ಅವರೂ ಹೋದರು. ನಾನು ಇವತ್ತಿನವರೆಗೂ ಕೋರ್ಟಿನ ಒಳಗನ್ನು ನೋಡಿಲ್ಲ.

ಬೆಂಚು ಖಾಲಿಯಾಗಿ ಕೊನೆಗೆ ನಮ್ಮ ಸರದಿ ಬಂತು. ವಕೀಲರು ತಲೆ ಎತ್ತದೆ, "ಹೇಳಿ, ಏನು ತಕರಾರು?" ಎಂದರು.

"ತಕರಾರಿಲ್ಲ ಸಾರ್" ಎಂದಳು ಇವಳು. ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ನಾನು ಲಾ ಮುಗಿಸಿದ್ದೀನಿ. ನಿಮ್ಮ ಹತ್ರ ಜೂನಿಯರ್ ಆಗಿ ಸೇರ್ಕೊಳೋಣ ಅಂತ..."

ಅವರು ಪೆನ್ನು ಕೆಳಗಿಟ್ಟರು. "ಯಾವಾಗ ಬಂದ್ರಿ?"

"ಬೆಳಿಗ್ಗೇನೇ ಸಾರ್."

"ಮತ್ತೆ ಕಕ್ಷಿದಾರರ ಬೆಂಚಲ್ಲಿ ಯಾಕೆ ಕೂತಿದ್ದೆ?"

"ಗುಮಾಸ್ತರು ಕೂತ್ಕೊ ಅಂದ್ರು."

"ನಾನು ಕಕ್ಷಿದಾರಳಲ್ಲ ಅಂತ ನನ್ನ ಗುಮಾಸ್ತನಿಗೆ ಹೇಳೋಕಾಗದವಳು ಜಡ್ಜಿಗೆ ಏನ್ ಹೇಳ್ತೀಯಮ್ಮ?"

ನನಗೆ ಮಾತು ಗಂಟಲವರೆಗೆ ಬಂತು. ಒಳ್ಳೆ ಹುಡುಗಿ, ಸಣ್ಣವಳಿದ್ದಾಗಿನಿಂದ ಓದಿನಲ್ಲಿ ಮುಂದು, ಇನ್ನೂ ಏನೇನೋ. ಒಂದೂ ಹೊರಗೆ ಬರಲಿಲ್ಲ. ಅವರು ನನ್ನ ಕಡೆ ತಿರುಗಿ ಮೆತ್ತಗೆ, "ತಪ್ಪು ತಿಳ್ಕೋಬೇಡಿ ತಾಯಿ" ಎಂದರು. ಮತ್ತೆ ಇವಳಿಗೆ, "ನಾಳೆ ಕೋರ್ಟ್ ಹತ್ರ ಬಾ. ಅಜ್ಜೀನ ಕರ್ಕೊಂಡು ಬರ್ಬೇಡ, ಒಬ್ಳೇ ಬಾ. ಅಲ್ಲಿ ವಕೀಲರೆಲ್ಲ ನಿಂತಿರ್ತಾರೆ. ಅವರೆಲ್ಲರ ಮುಂದೆ, ಜೂನಿಯರ್ ಆಗಿ ಸೇರಿಸ್ಕೊಳಿ ಅಂತ ನನ್ನ ಕೇಳು. ಆಮೇಲೆ ನೋಡೋಣ" ಎಂದರು.

ವಾಪಸು ಬರುವಾಗ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

"ಬ್ಯಾರೆ ಆಪೀಸು ನೋಡಾನ ಬುಡವ್ವ" ಎಂದೆ.

"ಬೇರೆ ಆಫೀಸಲ್ಲೂ ಬಾಯಿ ಬೇಕಲ್ಲಜ್ಜಿ."

ಮಾರನೆಯ ಬೆಳಿಗ್ಗೆ ಬೀರುವಿನಿಂದ ಕೋಟು ಹೊರಗೆ ಬಂತು. ಬಸ್‌ಸ್ಟ್ಯಾಂಡಿನವರೆಗಾದರೂ ಬರುತ್ತೇನೆ ಎಂದೆ. "ಅಲ್ಲಿಗೂ ಬೇಡ ಅಜ್ಜಿ, ನೀನಿದ್ರೆ ನಿನ್ನ ಸೆರಗು ಹಿಡ್ಕೊಳೋಣ ಅನ್ಸುತ್ತೆ" ಎಂದು ಹೊರಟಳು. ಅವಳು ಹೇಳಿದ್ದು ಸರಿಯೇ. ಆದರೂ ಆ ದಿನ ಯಾವ ಕೆಲಸ ಹಿಡಿದರೂ ಮನಸ್ಸು ಮಂಡ್ಯದಲ್ಲೇ ಇತ್ತು. ಕೋರ್ಟಿನ ಹೊರಗೆ ಯಾವುದಾದರೂ ಮರದ ಮರೆಯಲ್ಲಿ ನಿಂತಿದ್ದರೂ ಸಾಕಿತ್ತು. ಅವಳು ಆ ಕರಿ ಕೋಟುಗಳ ನಡುವೆ ಹೇಗೆ ನಿಂತಳೋ, ಕೈ ಎಲ್ಲಿಟ್ಟುಕೊಂಡಳೋ, ಯಾರಾದರೂ ನಕ್ಕರೋ.

ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ, "ಕೇಳ್ದೆ. ಬಾ ಅಂದ್ರು" ಎಂದಳು.

"ಏನಂತ ಕೇಳ್ದೆ? ಯಾರ್ಯಾರಿದ್ರು?"

"ಇದ್ರು ಕಣಜ್ಜಿ ಎಲ್ಲಾ. ಹಸಿವು, ಊಟ ಆಕು."

ಅಷ್ಟೇ. ಖುಷಿಯಿಂದ ಕಣ್ಣೊರೆಸಿಕೊಂಡು ತಟ್ಟೆ ಹಾಕಿದೆ. ಆದರೆ ನಿಮ್ಮ ತಾತ ಇದೇ ಸುದ್ದಿಯನ್ನು ಮೂರು ಸಂಜೆ ಹೇಳುತ್ತಿದ್ದರು. ಎದ್ದು ನಿಂತು, ವಕೀಲರಾಗಿ, ಮೊಮ್ಮಗಳಾಗಿ, ನಕ್ಕವರಾಗಿ ಹೇಳುತ್ತಿದ್ದರು. ಬಡಿಸುತ್ತಾ ಬಡಿಸುತ್ತಾ ಅವರ ನೆನಪು ಎಷ್ಟು ಬಂತೆಂದು ಹೇಳಲಾರೆ.

ಈಗ ಅವಳು ಮಂಡ್ಯದಲ್ಲೇ ಗೆಳತಿಯೊಬ್ಬಳ ಜೊತೆ ರೂಮು ಮಾಡಿಕೊಂಡಿದ್ದಾಳೆ, ರಜೆಯಲ್ಲಿ ಬರುತ್ತಾಳೆ. ಮೊನ್ನೆ ಮಧ್ಯಾಹ್ನ ಕೋರ್ಟಿನಿಂದಲೇ ಫೋನು ಮಾಡಿದಳು.

"ಅಜ್ಜಿ, ಇವತ್ತು ಜಡ್ಜ್ ಮುಂದೆ ಮಾತಾಡ್ದೆ!"

"ಏನಂದೆ?"

"ಸೀನಿಯರ್ ಪಕ್ಕದ ಕೋರ್ಟಲ್ಲಿದ್ದಾರೆ ಸ್ವಾಮಿ, ಈ ಕೇಸು ಸ್ವಲ್ಪ ಹೊತ್ತು ಬಿಟ್ಟು ಕರೀರಿ ಅಂದೆ."

"ಅಷ್ಟೇನಾ?"

"ಅಷ್ಟೇ ಕಣಜ್ಜಿ. ಇನ್ನೊಂದ್ಸಲ ಹೇಳಿ, ಕೇಳಿಸ್ಲಿಲ್ಲ ಅಂದ್ರು. ಜೋರಾಗಿ ಹೇಳ್ದೆ."

"ಎಂಗ್ ಹೇಳ್ದೆ, ನಂಗೂ ಒಂದ್ಸಲ ಹೇಳು."

"ಇಲ್ಲಿ ಜನ ಇದ್ದಾರೆ, ಇಡ್ತೀನಿ" ಎಂದು ಇಟ್ಟುಬಿಟ್ಟಳು.

ಅವಳು ಜೋರಾಗಿ ಮಾತಾಡಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ಆ ದನಿ ಹೇಗಿರುತ್ತದೋ ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ. ಕೋರ್ಟು ಎಲ್ಲರಿಗೂ ತೆರೆದಿರುತ್ತದೆ, ನೀನೂ ಹೋಗಿ ಹಿಂದೆ ಕೂತುಕೊಳ್ಳಬಹುದು ಎಂದು ಅವಳಪ್ಪ ಹೇಳುತ್ತಾನೆ. ಈಗ ಹೋದರೆ ಊರು ಆಡಿಕೊಳ್ಳುವುದೂ ಇಲ್ಲ. ಆದರೆ ನನ್ನನ್ನು ಕಂಡು ಅವಳ ದನಿ ಮತ್ತೆ ಒಳಗೆ ಹೋದರೆ?

ನೀವು ಯಾರಾದರೂ ಮಂಡ್ಯಕ್ಕೆ ಹೋದರೆ, ಅವಳಿಗೆ ಹೇಳದೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಹೇಗೆ ನಿಂತಳು, ಏನೆಂದಳು, ಜಡ್ಜು ಏನೆಂದರು, ಎಲ್ಲವನ್ನೂ ಬಂದು ನನಗೆ ಹೇಳಿ. ಅವಸರ ಮಾಡಬೇಡಿ. ನನಗೆ ಬೇರೇನೂ ಕೆಲಸವಿಲ್ಲ.