ಬೀಸುಕಲ್ಲಿನ ಮುಂದೆ ಫ್ರೆಂಚ್ ಪಾಠ

"ತಮ್ಮಾ, ಹಂಗ ಬಾಯಾಗ ಗುಣಗುಣ ಅಂದ್ರ ಮಾತು ಹೆಂಗ ಬರ್ತಾವ? ನನ್ನ ಕಲ್ಲಿನ ಜೋಡಿ ಅನ್ನಾಕ ಹೇಳು ಸಾಹೇಬ್ರಿಗೆ!" ಎಂದು ಅವ್ವ ಒಳಗಿನಿಂದ ಕೂಗಿದಾಗ ನಾಚಿಕೆಯಿಂದ ನನಗೆ ಬೆವರಿಳಿಯಿತು.

ನಿಜಾಮರ ಕಾಲ. ಹಟ್ಟಿಯ ಚಿನ್ನದ ಗಣಿಯ ಇಂಗ್ಲಿಷ್ ಇಂಜಿನಿಯರರೊಬ್ಬರು ನಮ್ಮ ಪಡಸಾಲೆಯಲ್ಲಿ ಕುಳಿತು ನನ್ನಿಂದ ಫ್ರೆಂಚ್ ಕಲಿಯುತ್ತಿದ್ದರು. ಅವರು ಮೆಚ್ಚಿದ ಹುಡುಗಿಯ ತಾಯಿಗೆ ಫ್ರೆಂಚ್ ಹೊರತು ಬೇರೆ ಭಾಷೆ ಬಾರದು. ಆಕೆಯೆದುರು ಇವರೇ ಹೆಣ್ಣು ಕೇಳಬೇಕಿತ್ತು. ಮನೆತನದ ಮೊದಲ ಪದವೀಧರನಾದ ನಾನು ಹೈದರಾಬಾದಿನಲ್ಲಿ ಪುಸ್ತಕದಿಂದ ಕಲಿತ ಫ್ರೆಂಚನ್ನು, ಎಲ್ಲಿ ತಪ್ಪಾದೀತೋ ಎಂಬ ಭಯದಿಂದಲೇ ಕಲಿಸುತ್ತಿದ್ದೆ. ಅವರೂ ಅಷ್ಟೇ ಭಯದಿಂದ ಪ್ರತಿ ವಾಕ್ಯದಲ್ಲೂ ತಡವರಿಸಿ ನಿಲ್ಲುತ್ತಿದ್ದರು.

"ಯಾರವರು? ಏನನ್ನುತ್ತಿದ್ದಾರೆ?" ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು. ಕೆಲಸದಾಕೆ ಎಂದುಬಿಡುವ ಆಸೆ ಒಂದು ಕ್ಷಣ ಸುಳಿಯಿತು. ಆದರೆ "ನನ್ನ ತಾಯಿ" ಎಂದು, ಅವ್ವನ ಮಾತನ್ನೂ ತಿಳಿಸಿದೆ.

ಸಾಹೇಬರು ಎದ್ದು ಹೋಗಿ ಬೀಸುಕಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. ಅವ್ವ ಜೋಳ ಬೀಸುತ್ತ ಬೀಸುವ ಹಾಡಿನ ಪದ ಎತ್ತಿದಳು. ಆ ಲಯಕ್ಕೆ ತೊಡೆ ತಟ್ಟುತ್ತ ಅವರು ಹೆಣ್ಣು ಕೇಳುವ ಮಾತನ್ನು ಮೊದಲ ಬಾರಿಗೆ ಎಲ್ಲಿಯೂ ನಿಲ್ಲದೆ ಮುಗಿಸಿದರು. ಮೂವರೂ ನಕ್ಕೆವು.

"ಇನ್ನೊಮ್ಮಿ ಅನ್ರೀ ಸಾಹೇಬ್ರ, ಜ್ವಾಳ ಇನ್ನಾ ಭಾಳ ಅದಾವ!" ಎಂದಳು ಅವ್ವ.

ಕೆಲವು ತಿಂಗಳ ನಂತರ, ಹುಡುಗಿಯ ತಾಯಿ ಒಪ್ಪಿದರೆಂದು ಸಾಹೇಬರ ಪತ್ರ ಬಂದಿತು. ಕೊನೆಯ ಸಾಲಿನಲ್ಲಿ ತಮ್ಮ ಬೀಸುಕಲ್ಲಿನ ಗುರುಗಳಿಗೆ ನಮಸ್ಕಾರ ತಿಳಿಸಿದ್ದರು. ಆ ನಮಸ್ಕಾರ ಅವ್ವನಿಗೆ ಸಂದದ್ದೆಂದು ಓದಿ ಹೇಳುವಾಗ, ನನ್ನ ಪದವಿಗೆ ಎಳ್ಳಷ್ಟೂ ಹೊಟ್ಟೆಕಿಚ್ಚಾಗಲಿಲ್ಲ.