ದೀಪ ಹಚ್ಚಿದ ಮೇಲೆ ಕೊಡದ ಟೇಪು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಇರಬಹುದು. ಆದರೆ ಹುಬ್ಬಳ್ಳಿಯ ಆ ಅಂಗಡಿ ನೆನಪಾದಾಗ ಬರುವ ಸಿಟ್ಟೇ ಬೇರೆ. ಇಷ್ಟು ವರ್ಷವಾದರೂ ಅದು ಆರಿಲ್ಲ, ಆರಲಿ ಎಂದು ನನಗೂ ಅನಿಸಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಕಾಳುಕಡಿ, ಹತ್ತಿಯ ದೊಡ್ಡ ಸಗಟು ವ್ಯಾಪಾರ. ಮುಂದೆ ಆಫೀಸು, ಹಿಂದೆ ಸಾವಕಾರರ ಮನೆ, ನಡುವೆ ಒಂದೇ ಗೋಡೆ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ದಿನಾ ಧಾರವಾಡದಿಂದ ಬಸ್ಸಿಗೆ ಬಂದುಹೋಗುತ್ತಿದ್ದೆ. ಆಫೀಸಿನ ಮೂಲೆಯಲ್ಲಿ ಸರ್ವರ್, ಅದರೊಳಗೆ ಡೇಟಾಬೇಸು. ಯಾರ ಮಾಲು ಬಂತು, ಯಾವ ಗೋದಾಮಿನಲ್ಲಿದೆ, ಎಲ್ಲಿಗೆ ಹೋಯಿತು ಎಲ್ಲವೂ ಅದರಲ್ಲಿತ್ತು. ಗುಮಾಸ್ತರ ಕಂಪ್ಯೂಟರುಗಳು ವಾಯರಿನಿಂದ ಅದಕ್ಕೆ ಜೋಡಿಕೊಂಡಿದ್ದವು. ಸರ್ವರ್ ನಿಂತರೆ ಅಂಗಡಿ ನಿಂತಂತೆ.

ಅದಕ್ಕೇ ಒಂದು ಪದ್ಧತಿ ಹಾಕಿದ್ದೆ. ದಿನಾ ಸಂಜೆ ಇಡೀ ಡೇಟಾಬೇಸನ್ನು ಒಂದು ಸಣ್ಣ ಟೇಪಿಗೆ ನಕಲು ಮಾಡುವುದು, ನಕಲು ಸರಿಯಾಗಿದೆಯೇ ಎಂದು ಅಲ್ಲೇ ಓದಿಸಿ ನೋಡುವುದು, ಆಮೇಲೆ ಟೇಪನ್ನು ಧಾರವಾಡದ ನನ್ನ ಮನೆಗೆ ಒಯ್ದು ಇಡುವುದು. ಹತ್ತಿಯ ಅಂಗಡಿ, ಬೆಂಕಿ ಬಿದ್ದರೆ ಸರ್ವರ್, ಟೇಪು ಎರಡೂ ಕೂಡಿ ಸುಡಬಾರದಲ್ಲ. ಸಾವಕಾರರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಟೇಪು ಮೊದಲು ಅವರ ಕೈಗೆ ಕೊಡಬೇಕು. ಅವರು ಮನೆಯೊಳಗೆ ಹೋಗಿ, ಅದನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ತಂದುಕೊಡುತ್ತಾರೆ. ಮರುದಿನ ನಾನು ಮುದ್ರೆ ಒಡೆಯದೆ ತಂದು ಅವರ ಕೈಗೇ ಮರಳಿಸಬೇಕು.

"ವ್ಯಾಪಾರದ ಗುಟ್ಟು ಬಸ್ಸಿನ್ಯಾಗ ಅಡ್ಡಾಡತೈತಿ ನೋಡ್ರಿ," ಎಂದರು.

ನಿನ್ನ ಮೇಲೆ ನಂಬಿಕೆಯಿಲ್ಲ ಎಂಬುದನ್ನು ಅಷ್ಟು ಮರ್ಯಾದೆಯಿಂದ ನನಗೆ ಯಾರೂ ಹೇಳಿರಲಿಲ್ಲ. ನುಂಗಿಕೊಂಡೆ.

ಒಂದು ಶುಕ್ರವಾರ ಬೆಳಿಗ್ಗೆ ಲಕೋಟೆ ಹಿಡಿದು ಬಂದಾಗ ಗುಮಾಸ್ತರೆಲ್ಲ ಕೈಕಟ್ಟಿ ಕೂತಿದ್ದರು. ಯಾರ ಪರದೆ ನೋಡಿದರೂ ಡೇಟಾಬೇಸು ಸಿಗುತ್ತಿಲ್ಲ ಎಂಬ ಒಂದೇ ಮಾತು. ವಾಯರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಸರ್ವರ್ ಕರೆದರೆ ಓಗೊಡುತ್ತಿತ್ತು. ಅಂದರೆ ದಾರಿ ಸರಿಯಿದೆ, ಒಳಗಿನ ಡೇಟಾಬೇಸು ಮಾತ್ರ ಎದ್ದಿಲ್ಲ. ಎಬ್ಬಿಸಲು ಹೋದರೆ ಅರ್ಧಕ್ಕೆ ನಿಂತು ಡಿಸ್ಕು ಕಟಕಟ ಎಂದಿತು. ಡಿಸ್ಕು ಕೆಟ್ಟಿತ್ತು. ಹೊಸದನ್ನು ತಂದು ಕೂಡಿಸಿ ಎಲ್ಲ ಸಿದ್ಧ ಮಾಡುವಷ್ಟರಲ್ಲಿ ಸಂಜೆಯಾಯಿತು. ಆದರೂ ನನಗೆ ಹೆದರಿಕೆಯಿರಲಿಲ್ಲ. ಲಕೋಟೆ ಇತ್ತಲ್ಲ.

ಎಲ್ಲರೆದುರೇ ಮುದ್ರೆ ಒಡೆದು ಟೇಪು ಹಾಕಿದೆ. ಖಾಲಿ. ತೆಗೆದು ಒರೆಸಿ ಮತ್ತೆ ಹಾಕಿದೆ. ಒಂದಕ್ಷರವೂ ಇಲ್ಲ.

ಸಾವಕಾರರು ಎದ್ದು ನಿಂತರು. "ಏನ್ರಿ ಇದು? ಬಸ್ಸಿನ್ಯಾಗ ಎಲ್ಲಿ ಒಗದಿದ್ರಿ? ಮನ್ಯಾಗ ಟೀವಿ ಮ್ಯಾಲೆ ಇಟ್ಟು ಅಳಿಸಿದ್ರೇನು? ನಿಮ್ಮನ್ನ ನಂಬಿ ಕೊಟ್ಟಿದ್ದೆನಲ್ರಿ!"

ಗುಮಾಸ್ತರು, ಹಮಾಲರು, ಬಾಗಿಲಲ್ಲಿ ಮಾಲಿನ ಚೀಟಿಗಾಗಿ ಕಾಯುತ್ತಿದ್ದ ಲಾರಿ ಚಾಲಕರು ಎಲ್ಲರೂ ನನ್ನನ್ನೇ ನೋಡಿದರು. ಇವನು ಒಂದು ಅಂಗಡಿಯ ಲೆಕ್ಕವನ್ನೇ ಕಳೆದ ಎಂಬ ಮಾತು ಹುಬ್ಬಳ್ಳಿ ಪೇಟೆಯಲ್ಲಿ ಹಬ್ಬಲು ಒಂದು ದಿನ ಸಾಕು. ಆಮೇಲೆ ಯಾರೂ ನನ್ನನ್ನು ತಮ್ಮ ಮಷಿನ್ನಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಸ್ವಲ್ಪ ಹೊತ್ತಿಗೆ ಸಾವಕಾರರು ನನ್ನನ್ನು ಮನೆಯೊಳಗೆ ಕರೆದರು. ಪಡಸಾಲೆಯಲ್ಲಿ ದನಿ ತಗ್ಗಿಸಿ, "ಗಾಬರಿ ಆಗಬ್ಯಾಡ್ರಿ. ಖರೇ ಟೇಪು ತಿಜೋರ್ಯಾಗ ಐತಿ," ಎಂದರು.

ನನಗೆ ತಿಳಿಯಲಿಲ್ಲ.

"ನೀವು ಮನಿಗೆ ಹೋಗೂದು ದೀಪ ಹಚ್ಚಿದ ಮ್ಯಾಲೆ. ಆ ಹೊತ್ತಿನ್ಯಾಗ ಲೆಕ್ಕ ಹೊರಗ ಕೊಟ್ರ ಲಕ್ಷ್ಮೀನ ಹೊರಗ ಕಳಿಸಿದಂಗ, ಕೊಡಬ್ಯಾಡ ಅಂದ್ಲು ಅವ್ವ. ನೀವೂ ಬಿಡವಲ್ರಿ. ಇಬ್ಬರಿಗೂ ಬ್ಯಾಸರ ಆಗಬಾರದು ಅಂತ ನಿಮಗ ಒಂದು ಖಾಲಿದು ಕೊಡತಿದ್ದೆ."

ಮೈಯೆಲ್ಲ ಉರಿದುಹೋಯಿತು. ತಿಂಗಳುಗಟ್ಟಲೆ ಆ ಲಕೋಟೆಯನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ಒಯ್ದಿದ್ದೆ. ಮಳೆ ಬಂದರೆ ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಅದಿದ್ದ ಕಪಾಟಿನ ಹತ್ತಿರ ಮಕ್ಕಳು ಸುಳಿದರೆ ಗದರಿದ್ದೆ. ಹೋಗಲಿ, ಅದನ್ನು ಮೂರ್ಖತನ ಎಂದು ಬಿಡೋಣ. ಆದರೆ ಎಲ್ಲ ಗೊತ್ತಿದ್ದೂ ಈ ಮನುಷ್ಯ ಈಗಷ್ಟೇ ಅಷ್ಟು ಜನರೆದುರು ನನ್ನ ಮರ್ಯಾದೆ ಕಳೆದಿದ್ದ.

"ಇದನ್ನ ಹೊರಗ ಬಂದು ಹೇಳ್ರಿ."

"ಮೊದಲ ಕೆಲಸ ಆಗಲ್ರಿ."

ತಿಜೋರಿ ದೇವರ ಕೋಣೆಯಲ್ಲಿತ್ತು, ಬೀಗದ ಕೈ ಅವರ ತಾಯಿಯ ಸೊಂಟದಲ್ಲಿತ್ತು. ಆ ಹಿರಿಯರು ಆಗತಾನೆ ದೀಪ ಹಚ್ಚಿ ಕೂತಿದ್ದರು. ಮಗ ಟೇಪು ಕೇಳಿದರೆ ತಲೆ ಎತ್ತಲಿಲ್ಲ.

"ಶುಕ್ರವಾರ. ದೀಪ ಹಚ್ಚೇನಿ. ಮುಂಜಾನಿ ಒಯ್ರಿ."

ಹೊರಗೆ ಲಾರಿಗಳು ಹಾರ್ನು ಹೊಡೆಯುತ್ತಿದ್ದವು. ಸಾವಕಾರರು ತೊಯ್ದ ಬೆಕ್ಕಿನ ಹಾಗೆ ನಿಂತಿದ್ದರು. ನನ್ನ ತಾಳ್ಮೆ ಮುಗಿದಿತ್ತು.

"ಹೊರಗ ಹೋಗಬಾರದು, ಹೌದಲ್ರಿ ಅಮ್ಮಾ? ಹೊರಗಿಂದು ಒಳಗ ಬರಬಹುದಲ್ರಿ?"

"ಒಳಗ ಬರೋದನ್ನ ಯಾರು ಬ್ಯಾಡ ಅಂತಾರ?"

ಸಿಟ್ಟಿನಲ್ಲಿ ಆಫೀಸಿಗೆ ಹೋದವನೇ ಒಬ್ಬ ಹಮಾಲನನ್ನು ಕರೆದು ಸರ್ವರನ್ನೇ ಹೊತ್ತು ತಂದೆ. ತಿಜೋರಿಯ ಮುಂದೆ ಮಣೆ ಹಾಕಿ ಇಳಿಸಿದೆವು. ಆಕೆ ತಿಜೋರಿ ತೆರೆದು ಟೇಪು ಕೊಟ್ಟರು. ಅದಕ್ಕೆ ಕುಂಕುಮ ಹಚ್ಚಿತ್ತು. ಹಾಕಿದೆ. ನಾನು ಮಾಡಿದ್ದ ನಕಲು ಇದ್ದ ಹಾಗೇ ಇತ್ತು. ಡೇಟಾಬೇಸು ಹೊಸ ಡಿಸ್ಕಿನ ಮೇಲೆ ಎದ್ದು ಕೂತಿತು.

ಇನ್ನು ಆಫೀಸಿನ ಕಂಪ್ಯೂಟರುಗಳಿಗೆ ಜೋಡಿಸಬೇಕು. ಉದ್ದನೆಯ ವಾಯರನ್ನು ಕಿಟಕಿಯಿಂದ ಹೊರಗೆ ಬಿಡಲು ಹೋದೆ. ಆಕೆ ತಡೆದರು.

"ತಮ್ಮಾ, ಈ ವಾಯರಿನ್ಯಾಗಿಂದ ಲೆಕ್ಕ ಹೊರಗ ಹೋಗಂಗಿಲ್ಲೇನು?"

ಇಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ಅಂದಿಗೆ ಸುಳ್ಳು ಸಾಕಷ್ಟಾಗಿತ್ತು.

"ಹೋಗತೈತ್ರಿ. ಆದ್ರ ಹೋಗೂದು ನಕಲು. ಇಲ್ಲಿದ್ದದ್ದು ಇಲ್ಲೇ ಇರತೈತಿ, ಒಂದು ಸಾಸಿವಿಕಾಳಿನಷ್ಟೂ ಕಡಿಮಿ ಆಗಂಗಿಲ್ಲ."

ಆಕೆ ದೀಪದ ಕಡೆ ನೋಡಿದರು. "ಅಂದ್ರ ದೀಪಕ್ಕ ದೀಪ ಹಚ್ಚಿದಂಗ. ಬಿಡು, ಹೊರಗ ಬಿಡು." ಆಮೇಲೆ ತಡೆದು ಕೇಳಿದರು, "ಈ ಟೇಪೂ ಹಂಗ ಏನು?"

"ಹೌದ್ರಿ. ಇದೂ ನಕಲ."

ಆಕೆ ಮಗನನ್ನು ನೋಡಿದರು. ಮಗ ಗೋಡೆ ನೋಡಿದರು. ಇಷ್ಟು ದಿನದಲ್ಲಿ ಈ ಒಂದು ಮಾತನ್ನು ತಾಯಿಗೆ ತಿಳಿಸಿ ಹೇಳಲು ಇವರಿಗೆ ಆಗಿರಲಿಲ್ಲ. ಅರಗು ಕರಗಿಸಿ ಮುದ್ರೆ ಒತ್ತಲು ಮಾತ್ರ ದಿನಾ ಪುರುಸೊತ್ತಿತ್ತು.

ಗುಮಾಸ್ತರ ಪರದೆಗಳು ಒಂದೊಂದಾಗಿ ಜೀವ ಪಡೆದವು. ಚೀಟಿ ಸಿಕ್ಕು ಲಾರಿಗಳು ಹೊರಟವು. ಹಿರಿಯ ಗುಮಾಸ್ತರು, "ಸಾವಕಾರ್ರು ಹುಷಾರ ಅದಾರ. ಇವನನ್ನ ನಂಬದೆ ಇನ್ನೊಂದು ಟೇಪು ಇಟ್ಕೊಂಡಿದ್ರು," ಎಂದರು. ಸಾವಕಾರರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೀಸೆಯಡಿ ನಕ್ಕರು. ಈಗರೆ ಖರೇ ಹೇಳ್ರಿ ಎಂದೆ. "ಎಲ್ಲಾ ಸಿಕ್ತಲ್ರಿ, ಇನ್ಯಾಕ ಆ ಮಾತು? ಛಾ ಕುಡೀರಿ," ಎಂದರು. ಆ ಚಹಾ ಮುಟ್ಟದೆ ಬಸ್ಸು ಹತ್ತಿದೆ.

ಮರುದಿನ ಸರ್ವರನ್ನು ಅದರ ಜಾಗಕ್ಕೆ ತಂದಿಟ್ಟು, ಆಫೀಸು ತುಂಬಿದ ಮೇಲೆ ಸಾವಕಾರರ ಮುಂದೆ ನಿಂತೆ.

"ಈಗ ದೀಪ ಹಚ್ಚಿಲ್ಲ. ಈಗರೆ ಹೇಳ್ರಿ."

ಅವರು ಫೋನು ಎತ್ತಿಕೊಂಡು ಯಾರಿಗೋ ಹತ್ತಿಯ ದರ ಕೇಳತೊಡಗಿದರು. ನಾನು ಬ್ಯಾಗು ಹೆಗಲಿಗೇರಿಸಿದೆ.

ಆಗ ಮನೆಯ ಬಾಗಿಲು ತೆರೆಯಿತು. ವ್ಯಾಪಾರದ ಹೊತ್ತಿನಲ್ಲಿ ಎಂದೂ ಆಫೀಸಿಗೆ ಬಾರದ ಆ ತಾಯಿ ಹೊಸ್ತಿಲಲ್ಲಿ ನಿಂತಿದ್ದರು. ಗುಮಾಸ್ತರು ಎದ್ದು ನಿಂತರು. ಪಡಸಾಲೆಯ ಮಾತು ಅವರ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ. ಆಕೆ ನೋಡಿದ್ದು ಮಗನೊಬ್ಬನನ್ನೇ.

"ಕೊಡಬ್ಯಾಡ ಅಂದಿದ್ದೆ ನಾ. ಖಾಲಿದು ಕೊಡು ಅಂದಿದ್ದೆನೇನು?"

ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಹಿರಿಯ ಗುಮಾಸ್ತರು ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಸಾವಕಾರರು ತಪ್ಪಾಯಿತು ಎನ್ನಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಅವರ ಮೇಲಿನ ಸಿಟ್ಟನ್ನು ನಾನೂ ಇಳಿಸಲಿಲ್ಲ.

ಆ ಸಂಜೆ ದೀಪ ಹಚ್ಚಿದ ಮೇಲೆ ಆಕೆಯೇ ಹೊಸ್ತಿಲ ತನಕ ಬಂದು ಟೇಪನ್ನು ನನ್ನ ಕೈಗಿಟ್ಟರು. ಅದಕ್ಕೆ ಲಕೋಟೆಯೂ ಇರಲಿಲ್ಲ, ಮುದ್ರೆಯೂ ಇರಲಿಲ್ಲ.