ಅಣ್ಣನ ಸೀಟು

ಕಿಟಕಿಯಿಂದ ಟವೆಲು ಎಸೆದು ಬಸ್ಸಿನ ಸೀಟು ಹಿಡಿಯುವ ಸೀಮೆಯಲ್ಲಿ ಹುಟ್ಟಿದವಳು ನಾನು. ಕೆ.ಆರ್.ಪೇಟೆ ಬಸ್‌ ಸ್ಟ್ಯಾಂಡಿನಲ್ಲಿ ಟವೆಲು ಬಿದ್ದ ಸೀಟಿನಲ್ಲಿ ಕೂರಲು ಎಂಥ ಗಟ್ಟಿಗನೂ ಹಿಂದೆಮುಂದೆ ನೋಡುತ್ತಾನೆ. ಟವೆಲಿನ ಯಜಮಾನ ಕೆಳಗೆ ಟೀ ಕುಡಿಯುತ್ತಾ ನಿಂತಿರಲಿ, ಬೀಡಿ ಸೇದುತ್ತಿರಲಿ, ಸೀಟು ಅವನದೇ. ಹಾಗಾಗಿ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬಿನವರು, ‘ನೀವು ಬರದಿದ್ದರೆ ನಿಮ್ಮ ಸೀಟನ್ನು ಬೇರೆಯವರಿಗೆ ಮಾರುತ್ತೇವೆ’ ಎಂದು ನನ್ನ ಮೊಬೈಲಿಗೆ ಬರೆದು ಕಳಿಸಿದಾಗ ನನಗೆ ಮೈಯೆಲ್ಲ ಉರಿಯಿತು. ಇಡೀ ವರ್ಷಕ್ಕೆ ಅಂತ ನಾವು ಕೊಂಡುಕೊಂಡ ಸೀಟು, ನಾವು ಬಂದರೂ ನಮ್ಮದು, ಬಿಟ್ಟರೂ ನಮ್ಮದು. ಇವರ್ಯಾರು ಕೇಳಲಿಕ್ಕೆ?

ಉರಿ ಬರೀ ಕ್ಲಬ್ಬಿನ ಮೇಲೆ ಇರಲಿಲ್ಲ ಎನ್ನುವುದು ಬೇರೆ ಮಾತು.

ನಾನು ಶ್ರೀರಂಗಪಟ್ಟಣದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಕೊಟ್ಟಿದ್ದು ಪಾಂಡವಪುರಕ್ಕೆ, ತವರು ಕಿಕ್ಕೇರಿ ಹತ್ತಿರದ ಒಂದು ಹಳ್ಳಿ. ಅಪ್ಪ ಅವ್ವ ಇಬ್ಬರೂ ಹೋಗಿಯಾಗಿದೆ. ತವರು ಅಂದರೆ ಈಗ ಅಣ್ಣ, ಅತ್ತಿಗೆ, ಅವರ ಹಸುಗಳು. ಅಣ್ಣನಿಗೆ ನನಗಿಂತ ಮೂರು ವರ್ಷ ಹೆಚ್ಚು. ನಾನು ಚೆಂಡು ಒದೆಯಲು ಕಲಿತದ್ದೇ ಅವನಿಂದ. ಭತ್ತದ ಕುಯ್ಲು ಮುಗಿದು ಗದ್ದೆ ಒಣಗಿದ ಮೇಲೆ, ಎರಡು ತೆಂಗಿನ ಮಟ್ಟೆ ನೆಟ್ಟು ಮಧ್ಯೆ ಅವನು ನಿಲ್ಲುತ್ತಿದ್ದ, ನಾನು ಒದೆಯುತ್ತಿದ್ದೆ. ಹೆಣ್ಣುಮಕ್ಕಳು ಹಾಗೆ ಕಾಲೆತ್ತಬಾರದು ಎಂದು ದಾರಿಯಲ್ಲಿ ಹೋಗುವ ಹೆಂಗಸರು ಅಂದರೆ, “ನಮ್ಮಮ್ಮಿ ಒದೀತಾಳೆ, ನಿಮ್ಗೇನಾಯ್ತು? ಓಗಿ ಸುಮ್ನೆ” ಎಂದು ಬೈದು ಕಳಿಸುತ್ತಿದ್ದ; ತಂಗಿಯಾದ ನಾನು ಅವನ ಬಾಯಲ್ಲಿ ಯಾವತ್ತೂ ಅಮ್ಮಿ. ಇವತ್ತು ನನ್ನ ಕೊರಳಲ್ಲಿ ವಿಷಲ್ಲು ನೇತಾಡುತ್ತಿದ್ದರೆ, ಅದರಿಂದ ನಾಲ್ಕು ಕಾಸು ಸಂಪಾದಿಸಿ ಯಾರ ಹಂಗಿಲ್ಲದೆ ಇದ್ದರೆ, ಅದು ಅವನ ಉಪಕಾರ. ಇದನ್ನು ಅವನಿಗೆ ನಾನು ಒಮ್ಮೆಯೂ ಹೇಳಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನೆಲ್ಲ ಹೇಳುವ ರೂಢಿಯಿಲ್ಲ.

ಹೇಳುವ ಬದಲು ನಾಲ್ಕು ವರ್ಷದ ಹಿಂದೆ ಎರಡು ಸೀಸನ್ ಟಿಕೆಟ್ ತೆಗೆದೆ. ಒಂದು ನನಗೆ, ಪಕ್ಕದ್ದು ಅಣ್ಣನಿಗೆ. ಅವನದು ಬಟನ್ ಫೋನು, ಅದಕ್ಕೆ ಎರಡೂ ನನ್ನ ಹೆಸರಿನ ಖಾತೆಯಲ್ಲೇ ಇದ್ದವು. ಅವನ ಕೈಗೆ ಬಂದದ್ದು ಒಂದು ಪ್ಲಾಸ್ಟಿಕ್ ಕಾರ್ಡು. ಅದನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಅಂಗಿಯೊಳಗೆ ಬಿಟ್ಟುಕೊಳ್ಳುತ್ತಿದ್ದ. ಮ್ಯಾಚಿನ ದಿನ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಬಸ್ಸು ಹಿಡಿದು ಪಾಂಡವಪುರಕ್ಕೆ ಬರುತ್ತಿದ್ದ. ಅಲ್ಲಿಂದ ಇಬ್ಬರೂ ರೈಲು. ಮಂಡ್ಯ ದಾಟುವಷ್ಟರಲ್ಲಿ ಬೋಗಿಯಲ್ಲಿದ್ದವರಿಗೆಲ್ಲ ನಾವು ಫುಟ್‌ಬಾಲ್ ನೋಡಲು ಹೋಗುತ್ತಿದ್ದೇವೆಂದು ಗೊತ್ತಾಗಿರುತ್ತಿತ್ತು. ಆಫ್‌ಸೈಡ್ ಅಂದರೆ ಏನೆಂದು ಇವತ್ತಿಗೂ ಅವನ ತಲೆಗೆ ಹತ್ತಿಲ್ಲ. “ಅವ್ನು ಮುಂದ್ಗಡೆ ನಿಂತ್ಕಂಡ್ರೆ ಇವ್ರಿಗೇನ್ ಕಷ್ಟ?” ಎಂದು ಪ್ರತಿ ಸಲ ಕೇಳುತ್ತಾನೆ. ಹುರಿದ ಕಡಲೆಕಾಯಿ ಒಳಗೆ ಬಿಡುವುದಿಲ್ಲ ಎಂದು ಎಷ್ಟು ಹೇಳಿದರೂ ಜೇಬು ತುಂಬಿಸಿಕೊಂಡು ಬಂದು, ಗೇಟಿನಲ್ಲಿ ಕಸಿದುಕೊಳ್ಳುವಾಗ ಅವರಿಗೂ ಒಂದು ಮುಷ್ಟಿ ತಿನ್ನಲು ಒತ್ತಾಯ ಮಾಡುತ್ತಿದ್ದ.

ಹೋದ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದ. ಸೀರೆ, ಬಳೆ, ಬೆಲ್ಲ, ಎಲ್ಲ ಇತ್ತು. ಅದೇ ಚೀಲದಿಂದ ಕೊನೆಗೆ ಒಂದು ಕಾಗದ ತೆಗೆದ. ಹಕ್ಕು ಬಿಡುಗಡೆ ಪತ್ರ. ಜಮೀನು ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು, ತನ್ನ ಹೆಸರಿಗೆ ಖಾತೆ ಮಾಡಿಸಿಕೊಳ್ಳಬೇಕು, ಅದರಲ್ಲಿ ನನಗೇನೂ ಬೇಡ ಎಂದು ನಾನು ಬರೆದುಕೊಡಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲರೂ ಬರೆದುಕೊಡುತ್ತಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತಾರಲ್ಲ, ಹಾಗೆ. ನನಗೂ ಆ ಜಮೀನು ಬೇಕಿರಲಿಲ್ಲ, ದೇವರಾಣೆಗೂ. ಆದರೆ ಬಾಗಿನದ ಚೀಲದಲ್ಲೇ ಅದನ್ನು ಇಟ್ಟುಕೊಂಡು ಬಂದನಲ್ಲ ಅನ್ನುವುದು ಚುಚ್ಚಿತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ.

“ಇಲ್ಲಿಟ್ಟು ಓಗು, ನೋಡ್ತೀನಿ,” ಅಂದೆ.

“ನೋಡಾಕೇನದೆ ಅದ್ರಲ್ಲಿ? ಒಂದಿನ ಬಂದು ನೀರು ಕಟ್ಟಿದ್ದೀಯಾ ನೀನು? ಕಳೆ ಕಿತ್ತಿದ್ದೀಯಾ? ಬಂದು ನಿಂತ್ಕೊಳ್ದೋರಿಗೆ ಜಮೀನು ಯಾಕೆ?” ಅಂದ.

ಆಮೇಲೆ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. ಅಪ್ಪನನ್ನೂ ಅವ್ವನನ್ನೂ ಎಳೆದು ತಂದೆ. ಅತ್ತಿಗೆಯನ್ನೂ ಬಿಡಲಿಲ್ಲ. ಅಣ್ಣ ಎದ್ದು ಚಪ್ಪಲಿ ಮೆಟ್ಟಿ, “ಬತ್ತೀನಿ” ಎಂದು ಹೊರಟುಹೋದ. ಬಡಿಸಿಟ್ಟ ಒಬ್ಬಟ್ಟು ಹಾಗೇ ಇತ್ತು.

ಆ ‘ಬತ್ತೀನಿ’ ನನ್ನ ನೆಮ್ಮದಿ ಕೆಡಿಸಿತು. ನಮ್ಮಲ್ಲಿ ಎಂಥ ಜಗಳವಾಡಿ ಹೊರಟರೂ ಬತ್ತೀನಿ ಎಂದೇ ಹೇಳುವುದು. ಮದುವೆಗೆ ಕರೆದರೆ ಹೋಗುವ ಮನಸ್ಸು ಇಲ್ಲದಿದ್ದರೂ ‘ಬತ್ತೀವಿ ಬುಡಿ’ ಅನ್ನುತ್ತೇವೆ. ಬರದೆ ಇರಬಹುದು, ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಹಾಗಾಗಿ ಹಬ್ಬ ಕಳೆದು ಮ್ಯಾಚುಗಳು ಶುರುವಾದಾಗ ಅಣ್ಣ ಬರುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಫೋನು ಮಾಡಿ ಕೇಳಲು ನನ್ನ ಜಂಬ ಬಿಡಲಿಲ್ಲ.

ಮೊದಲನೇ ಮ್ಯಾಚಿಗೆ ರೈಲು ಹೊರಡುವವರೆಗೂ ಪ್ಲಾಟ್‌ಫಾರಂ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಅವನು ಬರಲಿಲ್ಲ. ಸ್ಟೇಡಿಯಮ್ಮಿನಲ್ಲಿ ಅವನ ಸೀಟಿನ ಮೇಲೆ ನನ್ನ ವೇಲು ಹಾಕಿ ಕೂತೆ. ಎರಡನೇ ಮ್ಯಾಚಿಗೂ ಹಾಗೇ ಆಯಿತು. ಆಟ ನೋಡಿದೆನೋ ಮೆಟ್ಟಿಲು ನೋಡಿದೆನೋ, ಯಾರು ಹತ್ತಿ ಬಂದರೂ ಕಣ್ಣು ಅತ್ತ ಹೋಗುತ್ತಿತ್ತು. ಮೂರನೇ ಮ್ಯಾಚಿನ ವಾರ ಕ್ಲಬ್ಬಿನವರ ಆ ಸಂದೇಶ ಬಂತು. ಬರುವುದಿಲ್ಲ ಎಂದು ಎರಡು ದಿನ ಮೊದಲೇ ತಿಳಿಸಿ ಸೀಟು ಬಿಟ್ಟುಕೊಟ್ಟರೆ ಆ ಒಂದು ದಿನಕ್ಕೆ ಬೇರೆಯವರಿಗೆ ಮಾರುತ್ತಾರೆ. ತಿಳಿಸದೆ ಮೂರು ಸಲ ಖಾಲಿ ಬಿಟ್ಟರೆ ಮುಂದಿನ ವರ್ಷ ಆ ಸೀಟು ನಮಗಿಲ್ಲ. ಟಿಕೆಟ್ಟಿಗೆ ಕಾಯುವವರು ಬಹಳ ಜನ ಇದ್ದಾರಂತೆ, ಖಾಲಿ ಸೀಟು ಟಿ.ವಿ.ಯಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಗುರುವಾರ ಸಂಜೆ ಆರರೊಳಗೆ ತಿಳಿಸಬೇಕು.

ಗುರುವಾರ ಮಧ್ಯಾಹ್ನದಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಂಟನೇ ತರಗತಿಯವರನ್ನು ಮೈದಾನದಲ್ಲಿ ಓಡಿಸುತ್ತಾ ನಾನೂ ಅವರ ಜೊತೆ ಸುತ್ತು ಹಾಕಿದೆ. ಮೊಬೈಲು ತೆಗೆದು ಅಣ್ಣನ ನಂಬರಿನವರೆಗೂ ಹೋದೆ, ಮತ್ತೆ ಒಳಗಿಟ್ಟೆ. ನಾನೇ ಯಾಕೆ ಮೊದಲು ಮಾಡಬೇಕು? ಬಾಗಿನದ ಜೊತೆ ಕಾಗದ ತಂದವನು ಅವನು. ಎರಡು ತಿಂಗಳಾಯಿತು, ಸತ್ತಿದ್ದೀಯಾ ಬದುಕಿದ್ದೀಯಾ ಎಂದು ಕೇಳಿದನಾ? ಆರಕ್ಕೆ ಹತ್ತು ನಿಮಿಷ ಇರುವಾಗ ಶಾಲೆ ಗೇಟಿನ ಹತ್ತಿರ ನಿಂತು, ಕ್ಲಬ್ಬಿನ ಸಂದೇಶದಲ್ಲಿ ‘ಸೀಟು ಬಿಟ್ಟುಕೊಡಿ’ ಎಂದಿದ್ದ ಕಡೆ ಒತ್ತಿಬಿಟ್ಟೆ. ಖಚಿತವೇ ಎಂದು ಕೇಳಿತು. ಖಚಿತ ಎಂದು ಒತ್ತಿದೆ. ಅವನ ಸೀಟು ಮುಂದಿನ ವರ್ಷಕ್ಕೆ ಉಳಿಯಲಿ ಅಂತಲೇ ಮಾಡಿದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ಒತ್ತುವಾಗ ನನ್ನ ಬಾಯಲ್ಲಿ ಬಂದ ಮಾತು, “ಬಂದು ಕೂರ್ದೋನಿಗೆ ಸೀಟು ಯಾಕೆ?”

ಶನಿವಾರ ಒಬ್ಬಳೇ ಹೋದೆ. ಅಣ್ಣನ ಸೀಟಿನಲ್ಲಿ ಬಸ್ ಕಂಡಕ್ಟರಾಗಿ ನಿವೃತ್ತರಾದ ಒಬ್ಬ ಹಿರಿಯರು ಬಂದು ಕೂತರು. ಕಾಲು ಚಾಚಿಕೊಂಡು, ಕರ್ಚೀಫಿನಿಂದ ಮುಖ ಒರೆಸಿಕೊಂಡು, “ನಮ್ದು ನಾಗಮಂಗ್ಲ. ಇಲ್ಲಿ ಮಗಳ ಮನೆ. ನಿಮ್ದು ಯಾವೂರವ್ವ?” ಅಂದರು. ನಮ್ಮ ಮಾತು ಕೇಳಿದ ಕೂಡಲೇ ನನಗೆ ಇನ್ನೂ ಸಿಟ್ಟು ಬಂತು. ಬೆಂಗಳೂರಿನವರು ಯಾರಾದರೂ ಬಂದು ಕೂತಿದ್ದರೆ ಮುಖ ತಿರುಗಿಸಿಕೊಂಡು ಇರಬಹುದಿತ್ತು.

“ಯಾರೋ ಪುಣ್ಯಾತ್ಮ ಬರ್ನಿಲ್ವಂತೆ, ನಂಗೆ ಸಿಕ್ತು ನೋಡಿ,” ಅಂದರು.

ನಾನು ಹೂಂಗುಟ್ಟಿದೆ. ಆಟ ಶುರುವಾಯಿತು. ಆಫ್‌ಸೈಡಿನ ಬಾವುಟ ಎದ್ದಾಗ ಅದೇನೆಂದು ಕೇಳಿದರು, ಹೇಳಿದೆ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ತಮ್ಮ ಕಾಲದ ಬಸ್ಸುಗಳ ಕತೆ ಹೇಳಿದರು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮವರು ಗೋಲು ಹೊಡೆದಾಗ ಇಬ್ಬರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಕೂತ ಮೇಲೆ ನನಗೆ ಹೊಳೆಯಿತು. ಅಣ್ಣನಿಲ್ಲದೆಯೂ ನಾನು ಚೆನ್ನಾಗಿಯೇ ಇದ್ದೆ. ಒಂದು ಗಂಟೆಯೊಳಗೆ ಅವನ ಜಾಗ ಭರ್ತಿಯಾಗಿತ್ತು. ಉಳಿದ ಆಟವನ್ನು ಸೀಟಿನ ತುದಿಯಲ್ಲಿ ಕೂತು, ಯಾವಾಗ ಮುಗಿದೀತೋ ಎಂದು ಕಾದೆ.

ಮಾರನೇ ದಿನ ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದೆ. ಅತ್ತಿಗೆ ಫೋನು ಮಾಡಿದಳು. ಗೌರಿ ಹಬ್ಬದ ಮೇಲೆ ಮೊದಲ ಸಲ. ದನಿಯಲ್ಲಿ ಸಂತೋಷವಿತ್ತು.

“ಅಂತೂ ಅಣ್ಣ ತಂಗಿ ಒಂದಾದ್ರಲ್ಲ, ನಂಗೆ ಅಷ್ಟೇ ಸಾಕು ಕಣವ್ವ. ರಾತ್ರಿ ಬಂದು ಯೋಳುದ್ರು, ಮ್ಯಾಚು ಬೋ ಚೆನ್ನಾಗಿತ್ತಂತೆ. ನೀನು ಪಕ್ದಲ್ಲಿ ಕುಂತ್ಕಂಡು ನಗಾಡ್ತಾ ಇದ್ಯಂತೆ.”

ಸೋಪಿನ ಕೈಯಲ್ಲಿ ಮೊಬೈಲು ಜಾರಿತು. ಮತ್ತೆ ಎತ್ತಿಕೊಂಡು, “ಹೂಂ ಅತ್ತಿಗೆ, ಚೆನ್ನಾಗಿತ್ತು,” ಅಂದೆ. ಯಾವ ಬಸ್ಸಿಗೆ ಬಂದಿದ್ದ ಎಂದು ಬಳಸಿ ಕೇಳಿದೆ. ಬೆಳಿಗ್ಗೆ ಹಸು ಕರು ಹಾಕಿತಂತೆ, ಹೊತ್ತಾಯಿತಂತೆ. ಪಾಂಡವಪುರಕ್ಕೆ ಬಂದು ರೈಲು ಹಿಡಿಯಲಾಗದೆ ಬೆಳ್ಳೂರು ಕ್ರಾಸ್ ಮೇಲೆ ನೇರ ಬೆಂಗಳೂರಿಗೆ ಹೋಗುವ ಬಸ್ಸು ಹತ್ತಿದನಂತೆ. “ಓಗ್ದಿದ್ರೆ ಅವಳ ಪಕ್ಕದ ಸೀಟು ಖಾಲಿ ಬಿದ್ದಿರ್ತದೆ, ಬೇಜಾರ್ ಮಾಡ್ಕತಾಳೆ ಅಂತಿದ್ರು,” ಅಂದಳು.

ಬಕೆಟ್ಟು ಅಲ್ಲೇ ಬಿಟ್ಟು ತವರಿಗೆ ಹೊರಟೆ. ಗಂಡ ಏನೋ ಕೇಳಿದರು, ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಭಾನುವಾರ, ಬಸ್ಸು ಕಡಿಮೆ. ಚಿನಕುರಳಿಯಲ್ಲಿ ಕಲ್ಲು ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಅರ್ಧ ಗಂಟೆ ಹೋಯಿತು. ಇಳಿದು ನಡೆದುಬಿಡೋಣ ಎನ್ನುವಷ್ಟು ಚಡಪಡಿಕೆ. ಡ್ರೈವರಿಗೆ ಎರಡು ಸಲ ಬೈದೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅವ್ವ ನನಗೇ ಎಷ್ಟು ಸಲ ಹೇಳಿದ್ದಳು. ಬಂದು ನಿಲ್ಲದವಳಿಗೆ ಜಮೀನು ಯಾಕೆ ಎಂದು ಅವನು ಕೇಳಿದ್ದಕ್ಕೆ ಎರಡು ತಿಂಗಳು ಮಾತು ಬಿಟ್ಟವಳು ನಾನು. ಅವನು ಕೇಳಿದ್ದಷ್ಟೇ. ನಾನು ಅವನ ಸೀಟನ್ನು ಅವನನ್ನು ಕೇಳದೆಯೇ ಕೊಟ್ಟುಬಿಟ್ಟಿದ್ದೆ. ನಾಗಮಂಗಲದವರಿಗೆ ಆಫ್‌ಸೈಡ್ ವಿವರಿಸುತ್ತಿದ್ದಾಗ ಅವನು ಗೇಟಿನಲ್ಲಿ ಇದ್ದನೋ, ಗೋಲಿಗೆ ಚಪ್ಪಾಳೆ ತಟ್ಟುವಾಗ ಅದನ್ನು ಹೊರಗೆ ರಸ್ತೆಯಲ್ಲಿ ನಿಂತು ಕೇಳಿಸಿಕೊಂಡನೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಅಣ್ಣ ಕೊಟ್ಟಿಗೆಯಲ್ಲಿದ್ದ. ನಿನ್ನೆ ಹುಟ್ಟಿದ ಕರುವಿನ ಮೈ ಗೋಣಿತಾಟಿನಿಂದ ಉಜ್ಜುತ್ತಿದ್ದ. ನನ್ನನ್ನು ನೋಡಿ, “ಬಾಮ್ಮಿ,” ಅಂದ. ಏನೂ ಆಗಿಲ್ಲವೆಂಬಂತೆ. “ಎಣ್ಗರು. ನೋಡು ಎಂಗದೆ.”

ನಾನು ಕರು ನೋಡಲಿಲ್ಲ. “ನಿನ್ನೆ ಬಂದಿದ್ದೆಯಂತೆ,” ಅಂದೆ.

ಅವನು ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಬಂದಿದ್ದೆ. ಗೇಟಲ್ಲಿ ಕಾರ್ಡು ಮಡಗುದ್ರೆ ಕೆಂಪು ಲೈಟು ಬಂತು. ಅಲ್ಲಿದ್ದವ್ನು, ‘ಯಜಮಾನ್ರೆ, ನಿಮ್ ಮನೆಯೋರೇ ಈ ಸೀಟು ಬುಟ್ಕೊಟ್ಟವ್ರೆ, ಬ್ಯಾರೆಯೋರು ಬಂದು ಕುಂತವ್ರೆ’ ಅಂದ. ನಮ್ಮಮ್ಮಿ ಅಂಗೆ ಮಾಡೋಳಲ್ಲ, ನಿಮ್ ಮಿಸನ್ನು ಕೆಟ್ಟಿರ್ಬೇಕು, ಇನ್ನೊಂದ್ ಸಲ ನೋಡಪ್ಪ ಅಂದೆ. ನೋಡ್ದ. ಇನ್ನೊಂದ್ ಸಲ ಅಂದೆ. ಮೂರು ಸಲ ನೋಡ್ದ ಕಣಮ್ಮಿ, ಪಾಪ. ಇಂದೆ ಜನ ಬೈಯೋಕೆ ಸುರು ಮಾಡುದ್ರು, ಪಕ್ಕಕ್ಕೆ ಬಂದ್ಬುಟ್ಟೆ.”

“ನಂಗೆ ಫೋನ್ ಮಾಡ್ಬಾರ್ದಿತ್ತಾ ಅಣ್ಣ? ನಾನು ಒಳಗೇ ಇದ್ನಲ್ಲ.”

ಅವನು ಕರುವಿನ ಕಾಲು ಉಜ್ಜುವುದನ್ನು ನಿಲ್ಲಿಸಲಿಲ್ಲ.

“ಮಾಡ್ಬೌದಿತ್ತು. ನಂಬರ್ ಒತ್ತಿದ್ದೆ ಕೂಡ. ‘ಹೂಂ, ನಾನೇ ಕೊಟ್ಟೆ’ ಅಂತ ನೀನು ಅಂದ್ಬುಟ್ಟಿದ್ರೆ?”

ಸುಳ್ಳು ಹೇಳಬಹುದಿತ್ತು. ಮಿಷನ್ನು ಕೆಟ್ಟಿತ್ತು ಎಂದರೆ ಅವನು ನಂಬುತ್ತಿದ್ದ. ನಂಬಲು ಕಾದುಕೊಂಡು ಕೂತಿದ್ದ.

“ಹೂಂ ಅಣ್ಣ. ನಾನೇ ಕೊಟ್ಟೆ,” ಅಂದೆ.

ಗೋಣಿತಾಟು ಹಿಡಿದ ಕೈ ನಿಂತಿತು. ಒಳಗಿನಿಂದ ಅತ್ತಿಗೆ, ಕಾಫಿಗೆ ಬೆಲ್ಲ ಹಾಕಲಾ ಸಕ್ಕರೆ ಹಾಕಲಾ ಎಂದು ನನ್ನನ್ನು ಕೂಗಿ ಕೇಳಿದಳು.

“ಅವ್ಳಿಗೆ ಯೋಳ್ಬ್ಯಾಡ,” ಅಂದ ಅಣ್ಣ.